ಟ್ಯೂಬಿನೊಳಗಿನ ಕೈನೇಸ್: ಮೊಲದ ಸ್ನಾಯುವಿನಿಂದ ಹುಳುವಿನ ಜೀವಕೋಶದವರೆಗೆ

ಸಂಶೋಧನಾ ಲ್ಯಾಬುಗಳ ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿ ‘ರಿಕಾಂಬಿನೆಂಟ್ ಹ್ಯೂಮನ್ ಎಬಿಎಲ್1’ ಎಂದು ಬರೆದ ಪುಟ್ಟ ಟ್ಯೂಬುಗಳಿರುತ್ತವೆ. ಒಳಗಿರುವುದು ಎಬಿಎಲ್1 ಎಂಬ, ಮನುಷ್ಯರ ಕೈನೇಸ್ ಪ್ರೋಟೀನ್. ಆದರೆ ಅದು ಯಾರ ಮೈಯಿಂದಲೂ ತೆಗೆದದ್ದಲ್ಲ, ಜೀನ್ ಕಸಿ ಮಾಡಿ ಬೇರೆ ಜೀವಕೋಶದಲ್ಲಿ ತಯಾರಿಸಿದ್ದು. ‘ರಿಕಾಂಬಿನೆಂಟ್’ ಎಂದರೆ ಅದೇ. ಎಷ್ಟೋ ಸಲ ಪೂರ್ತಿ ಪ್ರೋಟೀನ್ ಕೂಡ ಅಲ್ಲ, ಅದರ ಒಂದು ತುಂಡು.

ಕೈನೇಸ್ ಮಾಡುವ ಕೆಲಸ ಒಂದೇ. ಜೀವಕೋಶದ ಇಂಧನದಂಥ ಅಣುವಾದ ಎಟಿಪಿಯಿಂದ ಒಂದು ಫಾಸ್ಫೇಟ್ ಕಿತ್ತು ಇನ್ನೊಂದು ಅಣುವಿಗೆ, ಹೆಚ್ಚಾಗಿ ಪ್ರೋಟೀನಿಗೆ, ಅಂಟಿಸುವುದು. ಅಷ್ಟಕ್ಕೇ ಆ ಪ್ರೋಟೀನ್ ಚುರುಕಾಗಬಹುದು ಅಥವಾ ಕೆಲಸ ನಿಲ್ಲಿಸಬಹುದು. 1955ರಲ್ಲಿ ಸಿಯಾಟಲ್‌ನ ಎಡ್ವಿನ್ ಕ್ರೆಬ್ಸ್ ಮತ್ತು ಎಡ್ಮಂಡ್ ಫಿಶರ್ ಮೊಲದ ಸ್ನಾಯುವಿನ ರಸದಲ್ಲಿ ಫಾಸ್ಫೊರಿಲೇಸ್ ಎಂಬ ಕಿಣ್ವ ಎಟಿಪಿಯ ನೆರವಿನಿಂದ ಚುರುಕಾಗುವುದನ್ನು ತೋರಿಸಿದರು. ಅವರಿಗೆ ಸುಳಿವು ಕೊಟ್ಟಿದ್ದು ಫಿಲ್ಟರ್ ಪೇಪರ್! ಪೇಪರಿನಲ್ಲಿದ್ದ ಕ್ಯಾಲ್ಸಿಯಂನಿಂದಾಗಿ ಕಿಣ್ವ ತನ್ನಷ್ಟಕ್ಕೆ ರೂಪ ಬದಲಿಸುತ್ತಿತ್ತು. ಮುಂದೆ 1979ರಲ್ಲಿ ಟೋನಿ ಹಂಟರ್ ಪ್ರೋಟೀನಿನಲ್ಲಿರುವ ಟೈರೊಸಿನ್ ಎಂಬ ಅಮೈನೋ ಆಮ್ಲದ ಮೇಲೂ ಫಾಸ್ಫೇಟ್ ಕೂರುತ್ತದೆ ಎಂದು ಕಂಡುಹಿಡಿದರು. ಅಲ್ಲಿ ನೆರವಾಗಿದ್ದು ಪಿಎಚ್ ಇಳಿದುಹೋಗಿದ್ದ ಹಳೆಯ ಬಫರ್, ಅಂದರೆ ಆಮ್ಲತೆ ಏರುಪೇರಾಗದಂತೆ ಕಾಯಬೇಕಿದ್ದ ದ್ರಾವಣ. ಈ ಕ್ಷೇತ್ರ ಕೊಳಕು ಪೇಪರಿಗೂ ಹಳಸಿದ ಬಫರಿಗೂ ಸಾಕಷ್ಟು ಸಾಲಗಾರ, ಅಲ್ವಾ? ಕ್ರೆಬ್ಸ್ ಮತ್ತು ಫಿಶರ್‌ಗೆ 1992ರಲ್ಲಿ ನೊಬೆಲ್ ಬಂತು.

ಆ ಕಾಲದಲ್ಲಿ ಕೈನೇಸ್ ಬೇಕೆಂದರೆ ಪ್ರಾಣಿಯ ಅಂಗಾಂಶವನ್ನೇ ಅರೆದು ಶುದ್ಧ ಮಾಡಬೇಕಿತ್ತು. ಸ್ನಾಯುವಿನಲ್ಲಿ ಜಾಸ್ತಿ ಇರುವಂಥವು ಹೀಗೆ ಸಿಗುತ್ತಿದ್ದವು. ಆದರೆ ಹೆಚ್ಚಿನ ಕೈನೇಸ್‌ಗಳು ಜೀವಕೋಶದಲ್ಲಿ ಇರುವುದೇ ಚೂರುಪಾರು. ಅವನ್ನು ಕೈಗೆಟಕಿಸಿದ್ದು 1973ರಲ್ಲಿ ಸ್ಟ್ಯಾನ್ಲಿ ಕೊಹೆನ್ ಮತ್ತು ಹರ್ಬರ್ಟ್ ಬೋಯರ್ ತೋರಿಸಿದ ಜೀನ್ ಕಸಿ. ಮನುಷ್ಯರ ಜೀನನ್ನು ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಸೇರಿಸಿದರೆ ಪ್ರೋಟೀನನ್ನು ಅದೇ ತಯಾರಿಸುತ್ತದೆ. 1978ರಲ್ಲಿ ಇನ್ಸುಲಿನ್ ಹೀಗೇ ಬಂತು.

ಕೈನೇಸ್ ಮಾತ್ರ ಅಷ್ಟು ಸಲೀಸಾಗಿ ಬಗ್ಗಲಿಲ್ಲ. ಇನ್ಸುಲಿನ್ ಪುಟ್ಟದು, ಇದು ದೊಡ್ಡದು. ಬ್ಯಾಕ್ಟೀರಿಯಾದೊಳಗೆ ಅನೇಕ ಕೈನೇಸ್‌ಗಳು ಸರಿಯಾಗಿ ಮಡಚಿಕೊಳ್ಳದೆ ಗಂಟುಗಂಟಾಗುತ್ತವೆ. ಟೈರೊಸಿನ್‌ಗೆ ಫಾಸ್ಫೇಟ್ ಹಚ್ಚುವ ಟೈರೊಸಿನ್ ಕೈನೇಸ್‌ಗಳದು ಇನ್ನೊಂದು ತಂಟೆ: ಕಂಡಕಂಡ ಪ್ರೋಟೀನಿಗೆಲ್ಲ ಫಾಸ್ಫೇಟ್ ಅಂಟಿಸಿ, ತಮ್ಮನ್ನು ಸಾಕುತ್ತಿರುವ ಬ್ಯಾಕ್ಟೀರಿಯಾವನ್ನೇ ಹಾಳುಮಾಡುತ್ತವೆ. 2005ರಲ್ಲಿ ಬರ್ಕ್ಲಿಯ ಜಾನ್ ಕುರಿಯನ್ ಅವರ ತಂಡ ಇದಕ್ಕೊಂದು ಜಾಣ ಉಪಾಯ ಮಾಡಿತು. ಪ್ಲೇಗ್ ರೋಗಾಣುವಿನ ಕುಲವಾದ ಯೆರ್ಸಿನಿಯಾದಿಂದ ಫಾಸ್ಫೇಟ್ ಕೀಳುವ ಕಿಣ್ವವೊಂದನ್ನು ತಂದು ಜೊತೆಗೇ ತಯಾರಾಗುವಂತೆ ಮಾಡಿತು. ಒಂದು ಅಂಟಿಸುತ್ತಿದ್ದರೆ ಇನ್ನೊಂದು ಕೀಳುತ್ತಿರುತ್ತದೆ, ಬ್ಯಾಕ್ಟೀರಿಯಾ ಬದುಕಿಕೊಳ್ಳುತ್ತದೆ.

ಅಷ್ಟರಲ್ಲಾಗಲೇ ಹುಳುವಿನ ದಾರಿ ತೆರೆದಿತ್ತು. 1983ರಲ್ಲಿ ಟೆಕ್ಸಸ್‌ನಲ್ಲಿ ಮ್ಯಾಕ್ಸ್ ಸಮರ್ಸ್ ಮತ್ತು ಗೇಲ್ ಸ್ಮಿತ್ ಕೀಟಗಳಿಗೆ ತಗಲುವ ಬ್ಯಾಕುಲೊವೈರಸ್‌ನಲ್ಲಿ ಮನುಷ್ಯರ ಜೀನ್ ಕೂರಿಸಿದರು. ಈ ವೈರಸ್ ತನ್ನ ಪಾಲಿಹೆಡ್ರಿನ್ ಪ್ರೋಟೀನನ್ನು ರಾಶಿರಾಶಿಯಾಗಿ ತಯಾರಿಸುತ್ತದೆ. ಆ ಜಾಗಕ್ಕೆ ನಮಗೆ ಬೇಕಾದ ಜೀನ್ ಇಟ್ಟರೆ ಅದರ ಪ್ರೋಟೀನೂ ಹಾಗೇ ಬರುತ್ತದೆ. ಇದಕ್ಕೆ ಬಳಸುವ ಎಸ್‌ಎಫ್9 ಜೀವಕೋಶಗಳ ಮೂಲ ಮೆಕ್ಕೆಜೋಳ ತಿನ್ನುವ ಸೈನಿಕ ಹುಳುವಿನ ಅಂಡಾಶಯ. ಕೀಟದ ಜೀವಕೋಶ ಬ್ಯಾಕ್ಟೀರಿಯಾಕ್ಕಿಂತ ನಮ್ಮದಕ್ಕೆ ಹತ್ತಿರ. ಮಡಚುವುದೂ ಫಾಸ್ಫೇಟ್ ಸೇರಿಸುವುದೂ ಅಲ್ಲಿ ಮೇಲು. ಇಂದು ಮಾರಾಟಕ್ಕಿರುವ ಅನೇಕ ಕೈನೇಸ್‌ಗಳು ಇಲ್ಲಿಂದಲೇ ಬರುತ್ತವೆ. ಶುದ್ಧ ಮಾಡಲು ಪ್ರೋಟೀನಿನ ತುದಿಗೆ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಆರು ಸೇರಿದ ಬಾಲ ಹಚ್ಚುತ್ತಾರೆ, ಅದು ನಿಕ್ಕಲ್‌ಗೆ ಅಂಟಿಕೊಳ್ಳುತ್ತದೆ.

ಇಲ್ಲಿಗೆ ಎಲ್ಲ ಮುಗಿಯಿತು ಅನ್ನಿಸಬಹುದು. ನನ್ನ ಪ್ರಕಾರ ತೊಡಕು ಶುರುವಾಗುವುದೇ ಇಲ್ಲಿ. ಒಂದೇ ಹೆಸರಿನ ಎರಡು ಟ್ಯೂಬುಗಳಲ್ಲಿ ಒಂದೇ ವಸ್ತು ಇರಬೇಕೆಂದಿಲ್ಲ. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರಕ್ತದ ಕ್ಯಾನ್ಸರ್ ಔಷಧಿ ಇಮಾಟಿನಿಬ್ ಅನ್ನೇ ನೋಡಿ. ಅದು ಹಿಡಿಯುವುದು ಎಬಿಎಲ್ ಕೈನೇಸ್ ಕೆಲಸ ನಿಲ್ಲಿಸಿ ಕೂತ ರೂಪವನ್ನು. ಈ ಸಂಗತಿ 2000ದಲ್ಲಿ ಸ್ಫಟಿಕ ರಚನೆಯಿಂದ ಗೊತ್ತಾಯಿತು. ಫಾಸ್ಫೇಟ್ ಹತ್ತಿ ಚುರುಕಾದ ಎಬಿಎಲ್ ಮೇಲೆ ಅದೇ ಔಷಧಿಯ ಹಿಡಿತ ಸಡಿಲ. ಅಂದರೆ ಟ್ಯೂಬಿನ ಪ್ರೋಟೀನಿಗೆ ಫಾಸ್ಫೇಟ್ ಎಷ್ಟು ಹತ್ತಿದೆ ಎಂಬುದರ ಮೇಲೆ ಔಷಧಿ ಬಲವಾದದ್ದೋ ದುರ್ಬಲವೋ ಎಂಬ ಉತ್ತರವೇ ಬದಲಾಗುತ್ತದೆ. ತಯಾರಿಸಿದ್ದು ಯಾವ ಜೀವಕೋಶದಲ್ಲಿ, ಪೂರ್ತಿ ಪ್ರೋಟೀನೋ ಬರೀ ಕೈನೇಸ್ ಭಾಗವೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಈ ವಿವರ ಜೊತೆಗೆ ಬರುವ ಹಾಳೆಯಲ್ಲಿರುತ್ತದೆ, ಆದರೆ ಸಂಶೋಧನಾ ಲೇಖನಗಳಲ್ಲಿ ಬರೀ ಪ್ರೋಟೀನಿನ ಹೆಸರು ಬರೆದು ಮುಂದೆ ಹೋಗುವವರಿದ್ದಾರೆ.

ಎಟಿಪಿಯದೂ ಇದೇ ಹಾಡು. ಜೀವಕೋಶದಲ್ಲಿ ಅದು ಮಿಲಿಮೋಲಾರ್ ಮಟ್ಟದಲ್ಲಿರುತ್ತದೆ, ಟ್ಯೂಬಿನ ಪರೀಕ್ಷೆಗಳಲ್ಲಿ ಎಷ್ಟೋ ಸಲ ಅದರ ಸಾವಿರದಲ್ಲೊಂದು ಪಾಲಿನ ಮೈಕ್ರೋಮೋಲಾರ್ ಮಟ್ಟದಲ್ಲಿ. ಎಟಿಪಿಯ ಜಾಗಕ್ಕೇ ಪೈಪೋಟಿ ಮಾಡುವ ಔಷಧಿ ಅಲ್ಲಿ ಸುಲಭವಾಗಿ ಗೆಲ್ಲುತ್ತದೆ. ಅದೇ ಔಷಧಿ ಜೀವಕೋಶದೊಳಗೆ ಮಂಕಾದರೆ ಅಚ್ಚರಿಯೇನಿಲ್ಲ.

2002ರ ಎಣಿಕೆಯಂತೆ ಮನುಷ್ಯರಲ್ಲಿ ಪ್ರೋಟೀನ್ ಕೈನೇಸ್ ಜೀನ್‌ಗಳು 518. ಈಗ ಹೊಸ ಅಣುವೊಂದನ್ನು ನೂರಾರು ಕೈನೇಸ್‌ಗಳ ಎದುರು ಒಟ್ಟಿಗೇ ಪರೀಕ್ಷಿಸುತ್ತಾರೆ, ಆಮೇಲೆ ಜೀವಕೋಶದಲ್ಲಿ ನೋಡುತ್ತಾರೆ. ಸುಲಭವಾಗಿ ತಯಾರಾಗುವ ಕೈನೇಸ್‌ಗಳ ಮೇಲೆ ಸಂಶೋಧನೆ ಜಾಸ್ತಿ. ಟ್ಯೂಬಿಗೆ ಇಳಿಯಲು ಒಪ್ಪದವುಗಳ ಬಗ್ಗೆ ಗೊತ್ತಿರುವುದು ಇಂದಿಗೂ ಕಮ್ಮಿ.