ಹಳೇ ಪಿಕ್ನಿಕ್ ಕೂಲರ್‌ಗೆ ಹೊಸ ಪಾರ್ಟ್ಸ್ ಹಾಕಿದ್ರೆ ಐಸ್ ಮತ್ತೆ ನಿಲ್ಲುತ್ತಾ?

ಪ್ರಶ್ನೆ: ಹಳೇ ಸ್ಟೀಲ್ ಬಾಡಿ ಕೂಲರ್ ಒಂದಿದೆ. ಲ್ಯಾಚ್ ಮುರಿದಿದೆ, ಒಂದು ಹಿಂಜ್ ಹೋಗಿದೆ, ಡ್ರೈನ್ ಪ್ಲಗ್ ಅಂತೂ ಇಲ್ವೇ ಇಲ್ಲ. ಎಲ್ಲ ಹೊಸದು ಹಾಕಿದ್ರೆ ಬಳಸೋಕೆ ಬರತ್ತಾ ಇಲ್ಲ ಸುಮ್ನೆ ಶೋಗೆ ಇಟ್ಕೋಬೇಕಾ?

ಉತ್ತರ: ಬರತ್ತೆ, ಆದ್ರೆ ಈ ಮೂರರಲ್ಲಿ ನೀವು ಕೊನೇಲಿ ಹೇಳಿದ್ದನ್ನೇ ಮೊದಲು ನೋಡಿ. ಲ್ಯಾಚು ಹಿಂಜು ಕಣ್ಣಿಗೆ ಕಾಣತ್ತೆ, ಅದಕ್ಕೇ ಎಲ್ರೂ ಅದರ ಹಿಂದೆ ಬೀಳ್ತಾರೆ, ನಿಜವಾಗ್ಲೂ ಕೂಲರ್ ಹಾಳಾಗೋದು ಡ್ರೈನ್ ಹತ್ರ, ಅಂದ್ರೆ ಕರಗಿದ ನೀರು ಹೊರಗೆ ಬಿಡೋ ಪೈಪಿನ ಹತ್ರ. ಆ ಪೈಪು ಒಳಗಿನ ಪದರ, ಅಂದ್ರೆ ಲೈನರ್‌ನಿಂದ ಹೊರಗಿನ ತಗಡಿನ ತನಕ ಗೋಡೆ ಮಧ್ಯದಿಂದ ಹಾದು ಬರತ್ತೆ, ಅದರ ವಾಷರ್ ಒಣಗಿ ಬಿರುಕು ಬಿಟ್ರೆ ಕರಗಿದ ನೀರು ಹೊರಗೆ ಬರೋ ಬದಲು ಗೋಡೆ ಒಳಗಿನ ಫೋಮ್‌ಗೆ ಇಳಿಯತ್ತೆ, ವರ್ಷಗಟ್ಲೆ ಹಾಗೇ ಇಳೀತಾ ಇದ್ರೂ ಹೊರಗಿಂದ ಏನೂ ಗೊತ್ತಾಗಲ್ಲ. ಶಾಖ ತಡೆಯೋದು ಫೋಮ್‌ನ ಸಣ್ಣ ಗುಳ್ಳೆಗಳಲ್ಲಿ ಸಿಕ್ಕಿಕೊಂಡ ಗಾಳಿ ಅಥವಾ ಗ್ಯಾಸ್. ಆ ಜಾಗಕ್ಕೆ ನೀರು ಬಂದ್ರೆ ಕಥೆ ಮುಗೀತು, ಯಾಕಂದ್ರೆ ನೀರು ಒಳ್ಳೇ ಫೋಮ್‌ಗಿಂತ ಸುಮಾರು 20 ಪಟ್ಟು ಜಾಸ್ತಿ ಶಾಖ ದಾಟಿಸತ್ತೆ. ಅಂಥ ಪೆಟ್ಟಿಗೆಗೆ ಎಷ್ಟು ಚೆಂದದ ಲ್ಯಾಚ್ ಹಾಕಿದ್ರೂ ಒದ್ದೆ ಸ್ವೆಟರ್ ಹಾಕ್ಕೊಂಡು ಚಳಿ ತಡೀತೀನಿ ಅಂದ ಹಾಗೇನೇ.

ಒಳಗೆ ನೀರಿದೆಯಾ ಅಂತ ನೋಡೋದು ಕಷ್ಟ ಏನಲ್ಲ. ಎತ್ತಿ ಅಲ್ಲಾಡಿಸಿ, ಸೈಜಿಗೆ ಮೀರಿ ಭಾರ ಅನ್ಸಿದ್ರೆ ಅಥವಾ ಒಳಗೆ ಗುಳುಗುಳು ಸೌಂಡ್ ಬಂದ್ರೆ ಅನುಮಾನ ಪಡಿ, ತೊಳೆದ್ಮೇಲೂ ಮುಗ್ಗಲು ವಾಸನೆ ಹೋಗ್ತಿಲ್ಲ ಅಂದ್ರೆ ಇನ್ನೂ ಜಾಸ್ತಿ ಅನುಮಾನ. ಆಗ ಡ್ರೈನ್ ಫಿಟ್ಟಿಂಗ್ ಪೂರ್ತಿ ಬಿಚ್ಚಿ, ತೂತು ಕೆಳಗೆ ಬರೋ ಹಾಗೆ ವಾಲಿಸಿಟ್ಟು ಫ್ಯಾನ್ ಹಾಕಿ ಬಿಡಿ. ದಿನಗಳಲ್ಲ, ಕೆಲವೊಮ್ಮೆ ವಾರಗಳೇ ಬೇಕು. ಬೇಗ ಆಗ್ಲಿ ಅಂತ ಹೀಟ್ ಗನ್ ಹಿಡೀಬೇಡಿ, ಪ್ಲಾಸ್ಟಿಕ್ ಲೈನರ್ ಸೊಟ್ಟಗಾಗತ್ತೆ, ಒಳಗೆ ಥರ್ಮೋಕೋಲ್ ಇದ್ರೆ ಅದೂ ಕುಗ್ಗತ್ತೆ. ತುಂಬ ಹಳೇದ್ರಲ್ಲಿ ಫೈಬರ್‌ಗ್ಲಾಸ್ ಇರಬಹುದು, ಗ್ಲೌಸು ಮಾಸ್ಕು ಇಲ್ದೆ ಕೈ ಹಾಕ್ಬೇಡಿ.

ಈಗ ಪಾರ್ಟ್ಸ್. ಬ್ರ್ಯಾಂಡ್ ಹೆಸರು ನೋಡಿ ತರಿಸ್ಬೇಡಿ, ಅಳತೆ ನೋಡಿ ತರಿಸಿ. ಕೋಲ್‌ಮನ್ ಅನ್ನೋ ಅಮೆರಿಕದ ಕಂಪನಿ ಸ್ಟೀಲ್ ಕೂಲರ್ ಮಾಡೋಕೆ ಶುರು ಮಾಡಿದ್ದು 1954ರಲ್ಲಿ, ಅಲ್ಲಿಂದ ಇಲ್ಲಿಗೆ ಡಿಸೈನ್ ಬದಲಾಗ್ತಾನೇ ಬಂದಿದೆ, ಹೆಸರು ಅದೇ ಅಂತ ಇವತ್ತಿನ ಪಾರ್ಟು ನಿಮ್ಮದಕ್ಕೆ ಕೂರ್ಲೇಬೇಕು ಅಂತಿಲ್ಲ. ಡ್ರೈನ್‌ಗೆ ತೂತಿನ ಅಗಲ, ಗೋಡೆ ದಪ್ಪ, ಇವೆರಡು ಗೊತ್ತಿದ್ರೆ ಬೇರೆ ಕಂಪನಿದೂ ನಡೆಯತ್ತೆ. ಹಿಂಜ್‌ಗೆ ಸ್ಕ್ರೂ ತೂತುಗಳ ನಡುವಿನ ದೂರ ಅಳೀರಿ. ಸ್ಕ್ರೂ ಉದ್ದ ಹಳೇದರಷ್ಟೇ ಇರ್ಲಿ, ಗಟ್ಟಿಯಾಗಿರ್ಲಿ ಅಂತ ಉದ್ದಂದು ಹಾಕಿದ್ರೆ ಲೈನರ್‌ಗೆ ತೂತು ಬಿದ್ದು ಮತ್ತೆ ಅದೇ ನೀರಿನ ರಗಳೆ. ತುಕ್ಕು ಹಿಡಿದು ಕೂತ ಸ್ಕ್ರೂಗೆ ಪೆನಿಟ್ರೇಟಿಂಗ್ ಆಯಿಲ್ (ತುಕ್ಕಿನ ಸಂದಿಗೆ ಇಳಿದು ಸಡಿಲ ಮಾಡೋ ಎಣ್ಣೆ) ಬಿಟ್ಟು ಒಂದು ರಾತ್ರಿ ಕಾಯಿರಿ, ಜೋರು ಮಾಡಿದ್ರೆ ತಲೆ ಮುರಿಯತ್ತೆ.

ಲ್ಯಾಚ್‌ಗಿಂತ ಮುಂಚೆ ಮುಚ್ಚಳದ ಗ್ಯಾಸ್ಕೆಟ್, ಅಂದ್ರೆ ಗಾಳಿ ಹೋಗದ ಹಾಗೆ ಅಂಚಿಗೆ ಹಾಕೋ ಪಟ್ಟಿ, ಮುಗಿಸ್ಕೊಳ್ಳಿ, ಇದನ್ನ ಉಲ್ಟಾ ಮಾಡೋರೇ ಜಾಸ್ತಿ. ಒಂದು ಪೇಪರ್ ಪಟ್ಟಿ ಇಟ್ಟು ಮುಚ್ಚಳ ಒತ್ತಿ ಹಿಡಿದು ಎಳೀರಿ, ಸುತ್ತಲೂ ಎಲ್ಲೆಲ್ಲಿ ಸಲೀಸಾಗಿ ಜಾರಿ ಬರತ್ತೋ ಅಲ್ಲೆಲ್ಲ ಬಿಸಿ ಗಾಳಿ ಒಳಗೆ ಹೋಗ್ತಿದೆ. ಕ್ಲೋಸ್ಡ್ ಸೆಲ್ ಫೋಮ್ (ಗುಳ್ಳೆಗಳು ಮುಚ್ಚಿಕೊಂಡಿದ್ದು ನೀರು ಹೀರದ ಫೋಮ್) ಅಥವಾ ಸಿಲಿಕೋನ್ ಪಟ್ಟಿ ಹಾಕಿ, ಸ್ಪಂಜಿನ ಥರದ್ದು ನೀರು ಕುಡಿದು ನಾರತ್ತೆ. ಪಟ್ಟಿ ತೀರಾ ದಪ್ಪ ಆದ್ರೆ ಮುಚ್ಚಳ ಮೇಲೆದ್ದು ಲ್ಯಾಚ್ ಸಿಗಲ್ಲ, ಬಲವಂತ ಮಾಡಿದ್ರೆ ಹೊಸ ಹಿಂಜ್ ಮೇಲೇ ಭಾರ. ಅದಕ್ಕೇ ಪಟ್ಟಿ ಅಂಟಿಸಿ, ಮುಚ್ಚಳ ಎಲ್ಲಿ ಕೂರತ್ತೆ ನೋಡಿ, ಆಮೇಲೆ ಲ್ಯಾಚ್ ಫಿಟ್ ಮಾಡಿ.

ಬಣ್ಣದ ಬಗ್ಗೆ ನನ್ನ ಅಭಿಪ್ರಾಯ, ಕಮ್ಮಿ ಮುಟ್ಟಿದಷ್ಟೂ ಒಳ್ಳೇದು. ಹಳೇ ಲೋಗೋ ಒಂದ್ಸಲ ಉಜ್ಜಿ ಹೋದ್ರೆ ವಾಪಸ್ ಬರಲ್ಲ. ತುಕ್ಕು ಇರೋ ಕಡೆ ಮಾತ್ರ ಕ್ಲೀನ್ ಮಾಡಿ ಪ್ರೈಮರ್ ಹಚ್ಚಿ. ಹಳೇ ಪೇಂಟಲ್ಲಿ ಸೀಸ ಇರೋ ಸಾಧ್ಯತೆ ಇದೆ, ಅಮೆರಿಕದಲ್ಲೇ ಅದನ್ನ ನಿಷೇಧಿಸಿದ್ದು 1978ರಲ್ಲಿ, ಹಾಗಾಗಿ ಉಜ್ಜೋ ಮುಂಚೆ ಟೆಸ್ಟ್ ಮಾಡಿ, ಒಣ ಉಜ್ಜಿ ಧೂಳು ಎಬ್ಬಿಸ್ಬೇಡಿ. ಒಳಗಡೆಗೆ ಅಡುಗೆ ಸೋಡಾ ನೀರು ಸಾಕು. ಬ್ಲೀಚ್ ಬಳಸ್ಲೇಬೇಕು ಅಂದ್ರೆ ವಿನೆಗರ್ ಜೊತೆ ಯಾವತ್ತೂ ಸೇರಿಸ್ಬೇಡಿ, ವಿಷದ ಕ್ಲೋರಿನ್ ಗ್ಯಾಸ್ ಬರತ್ತೆ.

ಎಲ್ಲ ಆದ್ಮೇಲೆ ಪ್ಲಗ್ ಹಾಕಿ ಎರಡು ಇಂಚು ನೀರು ತುಂಬಿ, ಡ್ರೈನ್ ಕೆಳಗೆ ಒಣ ಪೇಪರ್ ಹಾಸಿ, ಒಳಗೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು ರಾತ್ರಿ ಬಿಡಿ. ಪೇಪರ್ ಒದ್ದೆ ಆಗಿದ್ರೆ ಪ್ಲಗ್ ಸರಿ ಮಾಡಿದ್ರೆ ಸಾಕು. ಪೇಪರ್ ಒಣಗೇ ಇದ್ದು ನೀರು ಮಾತ್ರ ಗೆರೆಯಿಂದ ಕೆಳಗಿಳಿದಿದ್ರೆ ಅದು ಗೋಡೆ ಒಳಗೆ ಹೋಗಿದೆ, ಡ್ರೈನ್ ಮತ್ತೆ ಬಿಚ್ಚಿ ವಾಷರ್ ಬದಲಾಯಿಸಿ.