ಪದ ಪರಿಚಯ: ಲಾಸ್ ಬಜೆಟ್

ಮೂಡಿಗೆರೆಯ ತೋಟದ ಮನೆಗಳಿಗೆ ಬೇಸಿಗೆಯಲ್ಲಿ ಬಂದ ಫೈಬರ್ ಸಂಪರ್ಕ ಆಷಾಢದ ಹೊತ್ತಿಗೆ ಸೋಲುವುದುಂಟು. ಕೇಬಲ್ ತುಂಡಾಗಿರುವುದಿಲ್ಲ, ಮೋಡೆಮ್ ಕೆಟ್ಟಿರುವುದಿಲ್ಲ, ಆದರೂ ಕೆಂಪು ದೀಪ ಮಿನುಗುತ್ತಿರುತ್ತದೆ. ದುರಸ್ತಿಗೆ ಬಂದವರು ಬೆಳಕಿನ ಶಕ್ತಿ ಅಳೆಯುವ ಪವರ್ ಮೀಟರ್ ಹಚ್ಚಿ ನೋಡಿ, ‘ಲಾಸ್ ಜಾಸ್ತಿಯಾಗಿದೆ’ ಎನ್ನುತ್ತಾರೆ. ಆ ಮಾತಿನ ಹಿಂದೆ ಒಂದು ಲೆಕ್ಕವಿದೆ.

ಫೈಬರ್ ಎಂದರೆ ಕೂದಲೆಳೆಯಷ್ಟು ತೆಳುವಾದ ಗಾಜು. ಅದರೊಳಗೆ ಹೊರಟ ಬೆಳಕು ದಾರಿಯುದ್ದಕ್ಕೂ ಸವೆಯುತ್ತದೆ. ಕಳಿಸುವ ಯಂತ್ರದ ಶಕ್ತಿಗೂ, ಪಡೆಯುವ ಯಂತ್ರ ಗುರುತಿಸಬಲ್ಲ ಅತಿ ಮಂದ ಬೆಳಕಿಗೂ ಇರುವ ಅಂತರವೇ ಪವರ್ ಬಜೆಟ್. ಅದು ಕೈಯಲ್ಲಿರುವ ಹಣ. ಲಾಸ್ ಬಜೆಟ್ ಎಂದರೆ ದಾರಿಖರ್ಚು. ಖರ್ಚು ಹಣವನ್ನು ಮೀರಿದರೆ ಸಂಪರ್ಕವಿಲ್ಲ.

ಅಳತೆಯ ಮಾನ ಡೆಸಿಬೆಲ್, ಚಿಕ್ಕದಾಗಿ ಡಿಬಿ. 3 ಡಿಬಿ ಕಳೆದರೆ ಬೆಳಕು ಅರ್ಧ, 10 ಡಿಬಿ ಕಳೆದರೆ ಹತ್ತರಲ್ಲೊಂದು ಪಾಲು. ಗುಣಾಕಾರ ಮಾಡಬೇಕಾದ ಕಡೆ ಬರೀ ಕೂಡಿದರೆ ಸಾಕಾಗುತ್ತದೆ ಎಂಬುದೇ ಈ ಮಾನದ ದೊಡ್ಡ ಅನುಕೂಲ. ಮನೆಗಳಿಗೆ ಫೈಬರ್ ಕೊಡುವ ಜಿಪಾನ್ ಜಾಲದಲ್ಲಿ ಹೆಚ್ಚು ಬಳಕೆಯಲ್ಲಿರುವ ಬಿ ಪ್ಲಸ್ ವರ್ಗದ ಯಂತ್ರಗಳಿಗೆ 28 ಡಿಬಿ ಬಜೆಟ್ ಇದೆ. ಅಂದರೆ ಹೊರಟ ಬೆಳಕಿನ ಸುಮಾರು 630ರಲ್ಲಿ ಒಂದು ಪಾಲು ಮನೆ ಮುಟ್ಟಿದರೂ ಕೆಲಸ ನಡೆಯುತ್ತದೆ.

ಎಕ್ಸ್‌ಚೇಂಜಿನಿಂದ 12 ಕಿಲೋಮೀಟರ್ ದೂರದ ಒಂದು ತೋಟವನ್ನು ಊಹಿಸಿಕೊಳ್ಳಿ. ಗಾಜಿನ ಸವಕಳಿ ಕಿಲೋಮೀಟರಿಗೆ 0.35ರಂತೆ 4.2 ಡಿಬಿ. ಒಂದು ಎಳೆಯ ಬೆಳಕನ್ನು 32 ಮನೆಗಳಿಗೆ ಹಂಚುವ ಸ್ಪ್ಲಿಟರ್ ಒಂದೇ ಸುಮಾರು 17.5 ಡಿಬಿ ನುಂಗುತ್ತದೆ. ದೂರಕ್ಕಿಂತ ಹಂಚಿಕೆಯೇ ದುಬಾರಿ ಎನ್ನುವುದು ಹಲವರಿಗೆ ಹೊಳೆಯುವುದಿಲ್ಲ. ಎಂಟು ಜಾಯಿಂಟ್‌ಗಳಿಗೆ ತಲಾ 0.1ರಂತೆ 0.8, ನಾಲ್ಕು ಕನೆಕ್ಟರ್‌ಗಳಿಗೆ ತಲಾ 0.5ರಂತೆ 2. ಒಟ್ಟು 24.5 ಡಿಬಿ. ಉಳಿತಾಯ 3.5.

ಈ ಉಳಿತಾಯಕ್ಕೆ ಮಾರ್ಜಿನ್ ಎಂದು ಹೆಸರು. ಮಲೆನಾಡಿನಲ್ಲಿ ಫೈಬರಿನ ಹಣೆಬರಹ ನಿರ್ಧಾರವಾಗುವುದೇ ಇಲ್ಲಿ. ಕಂಬದಿಂದ ಕಂಬಕ್ಕೆ, ಸಿಲ್ವರ್ ಮರದಿಂದ ಮರಕ್ಕೆ ಎಳೆದ ಕೇಬಲ್ ಮೇಲೆ ಮಳೆಗಾಲದಲ್ಲಿ ಕೊಂಬೆ ಬೀಳುತ್ತದೆ. ತುಂಡಾದ ಕಡೆ ಹೊಸ ಕೇಬಲ್ ಸೇರಿಸಿದರೆ ಒಂದಲ್ಲ, ಎರಡು ಜಾಯಿಂಟ್‌ಗಳು ಹೆಚ್ಚಾಗುತ್ತವೆ. ಸುರಿವ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಮಾಡಿದ ಜಾಯಿಂಟ್ 0.1ರ ಬದಲು 0.3 ತಿಂದರೂ ಆಶ್ಚರ್ಯವಿಲ್ಲ. ಮೂರು ಕಡೆ ತುಂಡಾದರೆ 1.8 ಹೋಯಿತು. ಕನೆಕ್ಟರಿನ ತುದಿಗೆ ಕೂತ ಕೊಳೆಗೆ ಒಂದು, ಮೊಳೆಗೆ ಬಿಗಿದು ಸುತ್ತಿದ ಕೇಬಲ್ಲಿಗೆ ಇನ್ನೊಂದು ಡಿಬಿ ಸೇರಿಸಿ: 3.8. ಬಜೆಟ್ ಮುಗಿಯಿತು. ಆ ದಿನ ಅಲ್ಲಿ ಏನೂ ಒಡೆದಿಲ್ಲ. ಸಣ್ಣ ಸಣ್ಣ ಖರ್ಚುಗಳು ಒಟ್ಟಾಗಿವೆ ಅಷ್ಟೇ. ಆದ್ದರಿಂದಲೇ 3 ಡಿಬಿಯಾದರೂ ಉಳಿಸಿಕೊಳ್ಳಬೇಕೆಂಬ ರೂಢಿ ಬಂದದ್ದು. ನಮ್ಮ ಕಡೆ ಅದೂ ಸಾಲದು ಎಂದೇ ನನ್ನ ಅಭಿಪ್ರಾಯ. 32ರ ಬದಲು 16 ಮನೆಗಳಿಗೆ ಹಂಚಿದರೆ ಸುಮಾರು 3 ಡಿಬಿ ಮರಳಿ ಸಿಗುತ್ತದೆ.

ಬಾಗಿದ ಕಡೆಯ ನಷ್ಟವನ್ನು ಪತ್ತೆ ಹಚ್ಚಲು ಒಂದು ಸುಳುಹು ಇದೆ. 1310 ನ್ಯಾನೋಮೀಟರ್ ತರಂಗಾಂತರದ ಬೆಳಕು ಸರಿಯಾಗಿ ಸಾಗಿ 1550 ಮಾತ್ರ ಸೋತರೆ, ಎಲ್ಲೋ ಕೇಬಲ್ ಬಿಗಿಯಾಗಿ ಮಡಿಚಿದೆ ಎಂದರ್ಥ. ಉದ್ದ ತರಂಗದ ಬೆಳಕು ತಿರುವಿನಲ್ಲಿ ಬೇಗ ಸೋರಿಹೋಗುತ್ತದೆ. ಬೆಳಕು ಅತಿಯಾದರೂ ತೊಂದರೆಯೇ: ದೂರದ ಹಾದಿಗೆಂದು ಮಾಡಿದ ಯಂತ್ರವನ್ನು ಹತ್ತಿರಕ್ಕೆ ಜೋಡಿಸಿದರೆ ಪಡೆಯುವ ತುದಿ ಕುರುಡಾಗುತ್ತದೆ, ಆಗ ಅಟೆನ್ಯುಯೇಟರ್ ಹಾಕಿ ಬೇಕೆಂದೇ ಬೆಳಕು ತಗ್ಗಿಸುತ್ತಾರೆ.

1966ರಲ್ಲಿ ವಿಜ್ಞಾನಿ ಚಾರ್ಲ್ಸ್ ಕಾವ್ ಗಾಜಿನ ನಷ್ಟವನ್ನು ಕಿಲೋಮೀಟರಿಗೆ 20 ಡಿಬಿಗೆ ಇಳಿಸಿದರೆ ಸಾಕು, ಅದರಲ್ಲಿ ಸಂದೇಶ ಕಳಿಸಬಹುದು ಎಂದು ತೋರಿಸಿಕೊಟ್ಟರು. 1970ರಲ್ಲಿ ಕಾರ್ನಿಂಗ್ ಕಂಪನಿ ಆ ಗುರಿ ದಾಟಿತು. ಇಂದಿನ ಫೈಬರಿನಲ್ಲಿ ಅದೇ 20 ಡಿಬಿಗೆ 1550ರ ಬೆಳಕು ಸುಮಾರು 100 ಕಿಲೋಮೀಟರ್ ಹೋಗುತ್ತದೆ.

ಹೊಸ ಸಂಪರ್ಕ ಪಡೆದ ದಿನವೇ ಮೀಟರಿನ ಅಂಕಿಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಅದು ಮನೆ ಮುಟ್ಟಿದ ಬೆಳಕನ್ನು ಒಂದು ಮಿಲಿವ್ಯಾಟ್‌ಗೆ ಹೋಲಿಸಿ ಡಿಬಿಯಲ್ಲಿ ಹೇಳುವ ಅಂಕಿ; ಮೈನಸ್ ಹೆಚ್ಚಾದಷ್ಟೂ ಬೆಳಕು ಮಂದ. ನಮ್ಮ ಮೋಡೆಮಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಮಾರ್ಚ್ ತಿಂಗಳಿಗೆ ಮೈನಸ್ 22.6 ಎಂದಿದೆ, ಜುಲೈಗೆ ಮೈನಸ್ 24.9. ಬೆಳಕು ಐದರಲ್ಲಿ ಮೂರು ಪಾಲಿಗೆ ಇಳಿದಿತ್ತು. ಕಿಟಕಿಯ ಸಂದಿಯಲ್ಲಿ ಮಡಿಚಿಕೊಂಡಿದ್ದ ಕೇಬಲ್ ಬಿಡಿಸಿದ ಮೇಲೆ ಮೈನಸ್ 23.5ಕ್ಕೆ ಬಂದಿತು.