ಬಜೆಟ್ ಕೊರತೆ ಮತ್ತು ಹಣದುಬ್ಬರ: ರಷ್ಯಾ, 1992–98

‘ಕೊರತೆ ಏರಿದರೆ ಹಣದುಬ್ಬರವೂ ಏರುತ್ತದೆ’ ಎಂದು ಪರೀಕ್ಷೆಯಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತೇವೆ, ಅಲ್ವಾ? ರಷ್ಯಾವನ್ನು ನೋಡಿದರೆ ಆ ಸಾಲು ಅರ್ಧ ಮಾತ್ರ ಸರಿ. ಕೊರತೆಯನ್ನು, ಅಂದರೆ ಆದಾಯ ಮೀರಿದ ಸರ್ಕಾರದ ಖರ್ಚನ್ನು, ಎಲ್ಲಿಂದ ದುಡ್ಡು ತಂದು ತುಂಬಿದರು ಅನ್ನೋದು ಅದಕ್ಕಿಂತ ಮುಖ್ಯ.

ಸೋವಿಯತ್ ಕಾಲದ ಕೊನೆಗೇ ಬಜೆಟ್ ಕೊರತೆ ದೊಡ್ಡದಿತ್ತು. ಆದರೆ ಬೆಲೆ ನಿಗದಿ ಮಾಡುತ್ತಿದ್ದದ್ದು ಸರ್ಕಾರ. ಹಾಗಾಗಿ ಬೆಲೆಯ ಬದಲು ಅಂಗಡಿ ಮುಂದಿನ ಕ್ಯೂ ಬೆಳೆಯಿತು. ಜನರ ಕೈಯಲ್ಲಿ ರೂಬಲ್ ಇತ್ತು, ಕೊಳ್ಳಲು ಸಾಮಾನಿರಲಿಲ್ಲ. 1992ರ ಜನವರಿ 2ರಂದು ಬಹುತೇಕ ಬೆಲೆಗಳ ನಿಯಂತ್ರಣ ತೆಗೆದರು. ಆ ಒಂದೇ ತಿಂಗಳಲ್ಲಿ ಬೆಲೆಗಳು ಸುಮಾರು ಮೂರೂವರೆ ಪಟ್ಟಾದವು.

ಒಮ್ಮೆ ಜಿಗಿದು ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಸರ್ಕಾರದ ಕೊರತೆಗೆ ಕೇಂದ್ರ ಬ್ಯಾಂಕೇ ಸಾಲ ಕೊಟ್ಟಿತು. ಅಂದರೆ ಹೊಸ ನೋಟು. ಜೊತೆಗೆ ಕಾರ್ಖಾನೆಗಳಿಗೂ ಅಗ್ಗದ ಸಾಲ ಹಂಚಿತು. ಇದು ಬಜೆಟ್ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಸುಮ್ನೆ ಕೊರತೆಯ ಅಂಕಿ ಮಾತ್ರ ನೋಡುವವರು ಎಡವುವುದು ಇಲ್ಲೇ. ಆ ವರ್ಷದ ಹಣದುಬ್ಬರ ಸುಮಾರು 2,500%.

ಇದಕ್ಕೊಂದು ಉಲ್ಟಾ ದಾರಿಯೂ ಇದೆ: ಹಣದುಬ್ಬರವೇ ಕೊರತೆಯನ್ನು ಹಿಗ್ಗಿಸುತ್ತದೆ. ಇವತ್ತು 100 ರೂಬಲ್ ತೆರಿಗೆ ಲೆಕ್ಕ ಹಾಕಿದರು ಅನ್ನಿ. ಅದು ಖಜಾನೆ ಸೇರುವಷ್ಟರಲ್ಲಿ ಬೆಲೆ ಎರಡರಷ್ಟಾದರೆ, ಸರ್ಕಾರಕ್ಕೆ ನಿಜವಾಗಿ ಸಿಕ್ಕಿದ್ದು 50 ರೂಬಲ್‌ನಷ್ಟೇ. ಕಟ್ಟುವವರು ತಡ ಮಾಡಿದಷ್ಟೂ ಅವರಿಗೇ ಲಾಭ! ಇದನ್ನು ಒಲಿವೇರಾ–ಟಾಂಝಿ ಪರಿಣಾಮ ಎನ್ನುತ್ತಾರೆ.

1995ರಲ್ಲಿ ಕೇಂದ್ರ ಬ್ಯಾಂಕ್ ಕೊರತೆಗೆ ನೇರವಾಗಿ ಸಾಲ ಕೊಡುವುದು ನಿಂತಿತು. ಬದಲಿಗೆ ಜಿಕೆಒ ಎಂಬ ಅಲ್ಪಾವಧಿ ಸಾಲಪತ್ರ ಮಾರಿ ದುಡ್ಡು ಎತ್ತಿದರು. ಇದು ಹೊಸ ನೋಟಲ್ಲ, ಕೊಳ್ಳುವವರ ಬಳಿ ಆಗಲೇ ಇದ್ದ ದುಡ್ಡು. ಕೊರತೆ ದೊಡ್ಡದಾಗಿಯೇ ಉಳಿಯಿತು. ಆದರೂ ಹಣದುಬ್ಬರ 1997ರಲ್ಲಿ ಸುಮಾರು 11%ಗೆ ಇಳಿಯಿತು.

ಹಾಗಂತ ಕೊರತೆ ನಿರಪಾಯ ಅಂತಲ್ಲ. ಕೆಲವೇ ತಿಂಗಳ ಸಾಲ, ಬಡ್ಡಿ ಜಾಸ್ತಿ, ಹಳೆಯದನ್ನು ತೀರಿಸಲು ಹೊಸದು. ಏಷ್ಯಾದ ಹಣಕಾಸು ಬಿಕ್ಕಟ್ಟು, ಕಚ್ಚಾ ತೈಲ ಬೆಲೆಯ ಕುಸಿತ ಎರಡೂ ಸೇರಿದ ಮೇಲೆ ಸಾಲ ಕೊಡುವವರು ಹಿಂಜರಿದರು. 1998ರ ಆಗಸ್ಟ್ 17ರಂದು ಸರ್ಕಾರ ಜಿಕೆಒ ಪಾವತಿ ನಿಲ್ಲಿಸಿತು, ಡಾಲರಿನೆದುರು ರೂಬಲ್ ಬೆಲೆ ಇನ್ನಷ್ಟು ಇಳಿಯಲು ಬಿಟ್ಟಿತು. ಡಾಲರಿಗೆ ಸುಮಾರು 6 ಇದ್ದ ರೂಬಲ್ ವರ್ಷದ ಕೊನೆಗೆ 20 ದಾಟಿತ್ತು. ಆಮದು ಸಾಮಾನು ದುಬಾರಿಯಾಗಿ ಹಣದುಬ್ಬರ 84%ಗೆ ಹೋಯಿತು. 1998ರ ಪ್ರಶ್ನೆ ಬಂದರೆ ಮೊದಲ ಕಾರಣ ‘ನೋಟು ಮುದ್ರಣ’ ಎನ್ನಬೇಡಿ, ರೂಬಲ್ ಕುಸಿತ ಎಂದು ಬರೆಯಿರಿ.